ಪದ್ಯಗಳನ್ನು ಮನೆಗೆ ತಂದವರು

ಕನ್ನಡದಲ್ಲಿ ಒಳ್ಳೆಯ ಕವಿಗಳಿಗೆ ಎಂದೂ ಬರ ಬಂದಿಲ್ಲ. ಆದರೆ ಕವನ ಸಂಕಲನವನ್ನು ದುಡ್ಡು ಕೊಟ್ಟು ತಂದು ಓದುವವರು ಎಷ್ಟು ಮಂದಿ? ನನ್ನ ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆಕೆಯ ಕೈಯಲ್ಲಿ ಕವನದ ಪುಸ್ತಕವನ್ನು ನಾನು ಕಂಡದ್ದೇ ಇಲ್ಲ. ಆದರೂ ರಾಜರತ್ನಂ, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳು ಆಕೆಗೆ ಬಾಯಿಗೆ ಬರುತ್ತಿದ್ದವು. ಯಾರದಮ್ಮ ಈ ಹಾಡು ಎಂದರೆ, "ಕಾಳಿಂಗರಾಯರದ್ದಲ್ವೇನೇ" ಎಂದುಬಿಡುತ್ತಿದ್ದಳು. ಇಷ್ಟು ವರ್ಷ ಕನ್ನಡ ಪಾಠ ಹೇಳಿದ ಮೇಲೆ ನನಗನಿಸುತ್ತದೆ, ಆ ಉತ್ತರದಲ್ಲೂ ಅರ್ಧ ಸತ್ಯವಿತ್ತು.

ಪಾಂಡೇಶ್ವರ ಕಾಳಿಂಗರಾಯರು 1914ರಲ್ಲಿ ಈಗಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಹುಟ್ಟಿದವರು. ಎಳವೆಯಲ್ಲೇ ನಾಟಕ ಕಂಪನಿ ಸೇರಿ ರಂಗದ ಮೇಲೆ ಪಳಗಿದ ಕಂಠ ಅವರದು. ಆ ಕಾಲದಲ್ಲಿ ಕುಮಾರವ್ಯಾಸನಿಗೆ ಗಮಕಿಗಳಿದ್ದರು, ದಾಸರ ಪದಗಳಿಗೆ ಭಜನೆಯ ಮಂಡಳಿಗಳಿದ್ದವು. ನವೋದಯದ ಹೊಸ ಪದ್ಯಕ್ಕೆ ಮಾತ್ರ ಹಾಗೆ ಊರೂರಿಗೆ ಹೊತ್ತುಕೊಂಡು ಹೋಗುವವರು ಬೇಕಾಗಿತ್ತು. ರಾಯರು ಮೋಹನಕುಮಾರಿ, ಸೋಹನಕುಮಾರಿ ಸೋದರಿಯರೊಡನೆ ವೇದಿಕೆಯೇರಿ ಆ ಕೆಲಸ ಮಾಡಿದರು. ಧಾರವಾಡದ ಬೇಂದ್ರೆಯವರನ್ನೂ ಮಲೆನಾಡಿನ ಕುವೆಂಪು ಅವರನ್ನೂ ಒಂದೇ ಸಂಜೆ ಒಂದೇ ಚಪ್ಪರದಡಿ ಕೇಳಿಸಿದರು. 1956ಕ್ಕೆ ಮೊದಲು ಕನ್ನಡಿಗರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರೆಂಬುದನ್ನು ನೆನೆದರೆ ಇದು ಸಣ್ಣ ಕೆಲಸವಲ್ಲ. ರಾಜರತ್ನಂ ಅವರ 'ರತ್ನನ ಪದಗಳು' ಕುಡುಕನ ಬಾಯಿನ ಮಾತಿನಲ್ಲಿರುವ ಪದ್ಯಗಳು. ಅವನ್ನು ಮರ್ಯಾದಸ್ಥರ ಮನೆಯ ಹೆಂಗಸರೂ ಗುನುಗುವಂತಾದದ್ದು ಅವರ ಕಂಠದಿಂದ.

1981ರಲ್ಲಿ ರಾಯರು ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ನಮ್ಮ ಮನೆಯಲ್ಲಿ ಭದ್ರಾವತಿ ಆಕಾಶವಾಣಿಗೇ ಮುಳ್ಳು ನಿಲ್ಲಿಸಿದ ಒಂದು ಹಳೆಯ ರೇಡಿಯೋ ಇತ್ತು. ಸಿನಿಮಾ ಹಾಡು ಬಂತೆಂದರೆ ಅಪ್ಪ ಕಿವಿ ಹಿಂಡುವುದು ಹೇಗೋ ಹಾಗೆ ಅದರ ಗುಂಡಿ ತಿರುಗಿಸಿ ಬಾಯಿ ಮುಚ್ಚಿಸುತ್ತಿದ್ದರು. ಭಾವಗೀತೆಗೆ ಮಾತ್ರ ಆ ಶಿಕ್ಷೆ ಇರಲಿಲ್ಲ. ಅದು 'ಸಾಹಿತ್ಯ'ವಲ್ಲವೇ! ನಮ್ಮಂಥ ಮನೆಗಳ ಹೆಣ್ಣುಮಕ್ಕಳಿಗೆ ತೆರೆದಿದ್ದ ಬಾಗಿಲು ಅದೊಂದೇ.

ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದ್ದು ಕ್ಯಾಸೆಟ್ಟು. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ರೇಡಿಯೋದಲ್ಲಿ ಹಾಡು ಬಂದಾಗ ಕೇಳಬೇಕು, ಹೋದರೆ ಹೋಯಿತು. ಕ್ಯಾಸೆಟ್ಟಾದರೆ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಒಂದೊಂದೇ ಸಾಲು ಬರೆದುಕೊಳ್ಳಬಹುದು. ಸೋದರಮಾವ ಟೇಪ್ ರೆಕಾರ್ಡರ್ ತಂದ ವರ್ಷ ನಮ್ಮ ಬೀದಿಯ ಹುಡುಗಿಯರ ಬಳಿಯೆಲ್ಲ ಒಂದೊಂದು ಹಾಡಿನ ನೋಟ್‌ಬುಕ್ ಹುಟ್ಟಿಕೊಂಡಿತು. ನಾನು ಪದ್ಯಗಳ ಜೊತೆ ಮೊದಲು ಸ್ನೇಹ ಮಾಡಿದ್ದು ಆ ನೋಟ್‌ಬುಕ್ಕಿನಲ್ಲೇ ಹೊರತು ಪಠ್ಯಪುಸ್ತಕದಲ್ಲಲ್ಲ.

ಹೆಣ್ಣು ನೋಡುವ ಶಾಸ್ತ್ರದಲ್ಲಿ "ಒಂದು ಹಾಡು ಹೇಳಮ್ಮ" ಎನ್ನುವುದು ಆಗ ರೂಢಿ. ಹಿಂದಿನವರು ದೇವರನಾಮ ಹೇಳುತ್ತಿದ್ದರು. ನಮ್ಮ ದೊಡ್ಡಪ್ಪನ ಮಗಳು ಅಕ್ಕ 'ಮೈಸೂರು ಮಲ್ಲಿಗೆ'ಯ ಪದ್ಯವೊಂದನ್ನು ಹಾಡಿದಳು. 1942ರಲ್ಲಿ ಅಚ್ಚಾದ ಆ ಪುಸ್ತಕದ ತುಂಬ ಗಂಡಹೆಂಡಿರ ಒಲವು, ತವರಿನ ಹಂಬಲ. ಪ್ರೀತಿಯ ಮಾತೇ ಆದರೂ ಹಿರಿಯರೆದುರು ತಲೆತಗ್ಗಿಸಬೇಕಾಗಿಲ್ಲ. ಇಂಥ ಗಂಡ ಬೇಕು, ಹೀಗೆ ಬಾಳಬೇಕು ಎಂದು ಬಾಯಿಬಿಟ್ಟು ಹೇಳಲಾಗದ ಹುಡುಗಿ ಆ ಹಾಡಿನಲ್ಲಿ ಅಷ್ಟನ್ನೂ ಹೇಳಿಬಿಟ್ಟಳು. ಕೇಳಿದವರಿಗೆ ತಿಳಿಯಿತೋ ಇಲ್ಲವೋ, ಒಳಗಿನ ಕೋಣೆಯಲ್ಲಿದ್ದ ನಮಗೆಲ್ಲ ತಿಳಿಯಿತು.

ನಮ್ಮ ಶಿವಮೊಗ್ಗದವರೇ ಆದ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಊರಿಗೆ ಊರೇ ತನಗೇ ಬಂದಂತೆ ಹಿಗ್ಗಿತು. ಶಿಶುನಾಳ ಶರೀಫರ ಪದಗಳು ಬಡಗಣ ಸೀಮೆಯಲ್ಲಿ ಭಜನೆಯ ತತ್ವಪದಗಳಾಗಿ ಉಳಿದುಬಂದಿದ್ದವು. ಅವು ನಮ್ಮ ಕಡೆಯ ಮನೆಮನೆಗೂ ತಲುಪಿದ್ದು ಸಿ. ಅಶ್ವಥ್ ಅವರ ಸ್ವರಸಂಯೋಜನೆಯಿಂದ, ಅವರ ಮತ್ತು ಸುಬ್ಬಣ್ಣನವರ ಕಂಠದಿಂದ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದ ಮೇಲಂತೂ, 1889ರಲ್ಲಿ ತೀರಿಕೊಂಡ ಶರೀಫಜ್ಜ ನೂರು ವರ್ಷದ ಮೇಲೆ ನಮ್ಮ ಓಣಿಯ ಚಹದಂಗಡಿಯಲ್ಲೂ ಬಂದು ಕೂತರು.

ರಾಗ ಹಾಕಿ ಕವಿತೆಯನ್ನು ಕೆಡಿಸಿದರು ಎಂಬ ದೂರು ಸಾಹಿತಿಗಳಲ್ಲಿ ಇದ್ದೇ ಇದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಕ್ಯಾಸೆಟ್ಟಿನ ಅಳತೆಗೆ ಎಷ್ಟೋ ಪದ್ಯಗಳ ನುಡಿಗಳು ಕತ್ತರಿಗೆ ಸಿಕ್ಕಿವೆ. ವಾದ್ಯದ ಅಬ್ಬರದಲ್ಲಿ ಮೆಲುದನಿಯ ಮಾತು ಮುಳುಗಿದ್ದೂ ಉಂಟು. ಅದಕ್ಕೇ ನಾನು ತರಗತಿಯಲ್ಲಿ ಮೊದಲು ಹಾಡಿಸುತ್ತೇನೆ, ಆಮೇಲೆ ಪುಸ್ತಕ ತೆರೆಸಿ ಹಾಡಿನಲ್ಲಿ ಬಿಟ್ಟುಹೋದ ನುಡಿ ಯಾವುದು ಹುಡುಕಿ ಎನ್ನುತ್ತೇನೆ. "ಮಿಸ್, ಇಲ್ಲೊಂದು ಇದೆ!" ಎಂದು ಕೂಗುವ ಮಗುವಿಗೆ ಆ ನುಡಿ ಸ್ವಂತದ್ದಾಗುತ್ತದೆ. ಹಾಡು ಬಾರದೆ ಇದ್ದರೆ ಆ ಹುಡುಕಾಟವೂ ಇರುತ್ತಿರಲಿಲ್ಲ.

ಕುವೆಂಪು ಅವರ ನಾಡಗೀತೆಯನ್ನು ಸರ್ಕಾರ ಅಂಗೀಕರಿಸಿದ್ದು 2004ರಲ್ಲಿ. ಅನಂತಸ್ವಾಮಿಯವರ ರಾಗವೋ ಅಶ್ವಥ್ ಅವರದೋ ಎಂಬ ಜಗ್ಗಾಟ ಆಮೇಲೂ ಬಹಳ ವರ್ಷ ನಡೆದು, 2022ರಲ್ಲಿ ಅನಂತಸ್ವಾಮಿಯವರ ರಾಗವೇ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಆದೇಶವಾಯಿತು. ಅಷ್ಟರಲ್ಲಿ ಇಬ್ಬರೂ ಇರಲಿಲ್ಲ. ಅನಂತಸ್ವಾಮಿಯವರು 1995ರಲ್ಲಿ, ಅಶ್ವಥ್ 2009ರಲ್ಲಿ ಹೋಗಿದ್ದರು. ಅದೇ 2022ರ ಆಗಸ್ಟಿನಲ್ಲಿ ಸುಬ್ಬಣ್ಣನವರೂ ಹೋದರು.

ಪದ್ಯಪಾಠದ ಜೊತೆ ಕವಿಯ ಹುಟ್ಟೂರು, ಇಸವಿ, ಕೃತಿಗಳು ಇರುತ್ತವೆ. ಒಂದು ಅಂಕದ ಪ್ರಶ್ನೆಯೂ ಬರುತ್ತದೆ. ಆ ಪದ್ಯವನ್ನು ಓದು ಬಾರದವರ ಮನೆಗೂ ಮುಟ್ಟಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಪರೀಕ್ಷೆಗೆ ಬೇಡದಿದ್ದರೂ ಇರಲಿ, ಕಪ್ಪುಹಲಗೆಯ ಮೇಲೆ ಕವಿಯ ಹೆಸರಿನ ಕೆಳಗೆ ನಾನು ಇನ್ನೊಂದು ಹೆಸರನ್ನೂ ಬರೆಯುತ್ತೇನೆ. ಮಕ್ಕಳು ಎರಡನ್ನೂ ಬರೆದುಕೊಳ್ಳುತ್ತಾರೆ.