ಕಾರಿನ ಕರಿ ಗಾಜಿನ ಕಥಿ

ಅಕ್ಕಾರ, ಬ್ಯಾಸಗ್ಯಾಗ ಮೊಮ್ಮಗಳ ಮಾರಿಗೆ ಬಿಸಲು ಹೊಡೀತದ ಅಂತ ಕಾರಿನ ಗಾಜಿಗೆ ಫಿಲ್ಮ್ ಹಚ್ಚಿಸಾಕ ಹೋಗಿದ್ವಿ. ಅಂಗಡ್ಯಾವ "ಪೂರಾ ಕಪ್ಪು ಹಚ್ತೀನ್ರಿ, ಯಾರೂ ಕೇಳಂಗಿಲ್ಲ" ಅಂದ. ನನಗ ಹಳೇದೆಲ್ಲಾ ನೆನಪಾತು.

2012ರ ಮೊದಲ ಎಷ್ಟು ಕಾರಿಗೆ ಕರಿ ಗಾಜು ಇರ್ತಿದ್ದುವು! ಕಾನೂನು ಆಗಲೂ ಇತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಾಗ, ಮುಂದಿನ-ಹಿಂದಿನ ಗಾಜು ನೂರಕ್ಕ 70, ಬಾಜೂ ಗಾಜು 50 ಪಾಲು ಬೆಳಕು ಬಿಡಬೇಕು ಅಂತದ. ಪಾಲಿಸೋರು ಕಡಿಮಿ. ಕರಿ ಗಾಜಿನ ಮರೀಗೆ ಅಪರಾಧ ನಡೀತಾವ ಅಂತ ಅವಿಶೇಕ್ ಗೋಯಂಕಾ ಅನ್ನೋರು ಸುಪ್ರೀಂ ಕೋರ್ಟಿಗೆ ಹೋದ್ರು. 2012ರ ಏಪ್ರಿಲ್ 27ಕ್ಕ ಕೋರ್ಟು, ಎಷ್ಟೇ ತೆಳು ಇರಲಿ, ಗಾಜಿಗೆ ಫಿಲ್ಮ್ ಹಚ್ಚೋದ ಬ್ಯಾಡ ಅಂತು. ಕಂಪನಿಯವರು ತಯಾರಿಸುವಾಗಲೇ ಬಣ್ಣ ಕೂಡಿಸಿದ ಗಾಜು 70-50ರ ಲೆಕ್ಕಕ್ಕ ಹೊಂದಿದ್ರ ಮಾತ್ರ ಅಡ್ಡಿಯಿಲ್ಲ.

ಮುಂದ ನಿಯಮ ತಿದ್ದುಪಡಿ ಆತು. ಅದನ್ನ ಹಿಡದು 2024ರಾಗ ಕೇರಳ ಹೈಕೋರ್ಟು, 70-50ರ ಲೆಕ್ಕ ತಪ್ಪದ ಫಿಲ್ಮ್ ಹಚ್ಚಬಹುದು ಅಂತು. ಆದ್ರ ಅದು ಕೇರಳದ ತೀರ್ಪು, ಸುಪ್ರೀಂ ಕೋರ್ಟಿನದಲ್ಲ.

ಲೆಕ್ಕದಾಗೂ ಒಂದು ಗುಟ್ಟದ. ಗಾಜೇ 70 ಪಾಲು ಬೆಳಕು ಬಿಡೋದಿದ್ರ, ಅದರ ಮ್ಯಾಲ 70ರ ಫಿಲ್ಮ್ ಹಚ್ಚಿದ್ರೂ ಉಳಿಯೋದು 49. ಬಾಜೂ ಗಾಜಿಗೂ ಕಡಿಮಿ ಆತು! ಅದಕ್ಕ ಮೊದಲ ಮೀಟರ್ ಹಿಡದು ನಿಮ್ಮ ಗಾಜು ಅಳದು, ಫಿಲ್ಮಿನ ಅಂಕಿ ಬಿಲ್ಲಿನಾಗ ಬರದು ಕೊಡಾವ ಒಳ್ಳೆ ಅಂಗಡ್ಯಾವ. "ಯಾರೂ ಕೇಳಂಗಿಲ್ಲ" ಅನ್ನಾವ ಅಲ್ಲ.

ನಾವು ಹಂಗ ತಿರುಗಿ ಬಂದ್ವಿ. ನಾಳೆ ಮೊಮ್ಮಗಳು ಒಬ್ಬಾಕಿನ ಟ್ಯಾಕ್ಸಿ ಹತ್ತಿದ್ರ, ಒಳಗ ಯಾರದಾರ ಅಂತ ಹೊರಗಿನವರಿಗೆ ಕಾಣಬೇಕಲ್ರಿ?