ಕಿವಿಮೊರೆತ ಮತ್ತು ಶಬ್ದ ತಗ್ಗಿಸುವ ಹೆಡ್‌ಫೋನ್

ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಕೇಳಿಸುವುದನ್ನು ಕಿವಿಮೊರೆತ ಅಥವಾ ಟಿನಿಟಸ್ ಎನ್ನುತ್ತಾರೆ. ದೀರ್ಘಕಾಲದ ಗದ್ದಲ ಇದರ ಪ್ರಮುಖ ಕಾರಣಗಳಲ್ಲೊಂದು. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳು ಹೇರಳವಾಗಿವೆ. ಇಂತಹ ಮಗ್ಗಗಳ ಶಬ್ದ ಸಾಮಾನ್ಯವಾಗಿ 90 ಡೆಸಿಬೆಲ್ ಮೀರುತ್ತದೆ.

ಶಬ್ದ ತಗ್ಗಿಸುವ ಹೆಡ್‌ಫೋನ್ ವಿರುದ್ಧ ಹಂತದ ಧ್ವನಿತರಂಗವನ್ನು ಉಂಟುಮಾಡಿ ಹೊರಗಿನ ಶಬ್ದವನ್ನು ಕುಗ್ಗಿಸುತ್ತದೆ. ಬಸ್ಸಿನ ಎಂಜಿನ್ನಿನಂತಹ ಕೆಳಸ್ಥಾಯಿಯ ನಿರಂತರ ಶಬ್ದಕ್ಕೆ ಇದು ಪರಿಣಾಮಕಾರಿ. ಲಾಳಿಯ ಹೊಡೆತದಂತಹ ಹಠಾತ್ ಶಬ್ದಕ್ಕೆ ಅಷ್ಟಾಗಿ ಅಲ್ಲ. ಆದ್ದರಿಂದ ಮಗ್ಗದ ಶೆಡ್ಡಿನಲ್ಲಿ ರಕ್ಷಣಾ ಪ್ರಮಾಣ ನಮೂದಿಸಿದ ಇಯರ್‌ಮಫ್ ಅಥವಾ ಇಯರ್‌ಪ್ಲಗ್ ಬಳಸಬೇಕು.

ಪೂರ್ಣ ನಿಶ್ಶಬ್ದದಲ್ಲಿ ಮೊರೆತ ಹೆಚ್ಚು ಅರಿವಿಗೆ ಬರುವುದರಿಂದ, ಶಬ್ದ ತಗ್ಗಿಸುವ ಮಟ್ಟವನ್ನು ಹೊಂದಿಸಬಲ್ಲ ಹೆಡ್‌ಫೋನ್ ಆರಿಸಿಕೊಂಡು, ಮೆಲುದನಿಯ ಹಿನ್ನೆಲೆ ಧ್ವನಿ ಕೇಳುವುದು ಸೂಕ್ತ. ಶಬ್ದ ಅಸಹನೆಯುಳ್ಳವರು ಸದಾ ಕಿವಿ ಮುಚ್ಚಿಕೊಂಡಿದ್ದರೆ ಅಸಹನೆ ಹೆಚ್ಚಬಹುದು. ಶ್ರವಣ ಪರೀಕ್ಷೆಯ ಸೌಲಭ್ಯ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿದೆ.