ಭದ್ರಾವತಿಯ ಕುಲುಮೆಯೂ ಸರಬರಾಜಿನ ಸರಪಳಿಯೂ

ಎರಡು ವಸ್ತುಗಳು ನಿಶ್ಚಿತ ಪ್ರಮಾಣದಲ್ಲಿ ಕೂಡಿ ಮೂರನೆಯ ವಸ್ತು ಉಂಟಾಗುವಾಗ, ಯಾವುದು ಮೊದಲು ಮುಗಿಯುತ್ತದೋ ಅದೇ ಉತ್ಪನ್ನದ ಮೊತ್ತವನ್ನು ನಿರ್ಧರಿಸುತ್ತದೆ. ಉಳಿದದ್ದು ರಾಶಿ ಬಿದ್ದಿದ್ದರೂ ಪ್ರಯೋಜನವಿಲ್ಲ. ರಸಾಯನವಿಜ್ಞಾನದ ತರಗತಿಯಲ್ಲಿ ಇದನ್ನು ಮಿತಿಗೊಳಿಸುವ ಪ್ರತಿವರ್ತಕ ಎಂದು ಕಲಿಸುತ್ತೇವೆ. ಕೈಗಾರಿಕೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ‘ಸರಬರಾಜು ಸರಪಳಿ’ ಎಂಬ ಮಾತು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣಿಸುತ್ತಿದೆ. ಲಾರಿ ಚಾಲಕರು ಸಿಗುತ್ತಿಲ್ಲ, ಬೆಸುಗೆಯವರು, ಫಿಟ್ಟರುಗಳು, ಎರಕದ ಕೆಲಸಗಾರರು ಸಿಗುತ್ತಿಲ್ಲ ಎಂಬ ದೂರು ಹಲವು ದೇಶಗಳಿಂದ ಬರುತ್ತಿದೆ. ಈ ಸಮಸ್ಯೆ ಹೊಸದೇನಲ್ಲ. ಇದನ್ನು ಅರಿಯಲು ಕರ್ನಾಟಕದ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಯೂ ಇಲ್ಲ. ಶಿವಮೊಗ್ಗದಿಂದ ಸುಮಾರು 18 ಕಿಲೋಮೀಟರ್ ದೂರದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಶತಮಾನದ ಚರಿತ್ರೆಯಲ್ಲಿ ಈ ಪಾಠ ಪೂರ್ತಿಯಾಗಿ ಸಿಗುತ್ತದೆ.

ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ

ಭದ್ರಾನದಿಯ ದಡದ ಬೆಂಕಿಪುರವೇ ಇಂದಿನ ಭದ್ರಾವತಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ (1912–1918) ಕೊನೆಯ ಭಾಗದಲ್ಲಿ ಇಲ್ಲಿ ಕಾರ್ಖಾನೆ ಕಟ್ಟುವ ನಿರ್ಧಾರವಾಯಿತು. ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರಿತ್ತು. ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿತ್ತು. ನೀರಿಗೆ ಭದ್ರಾನದಿಯಿತ್ತು. ಬೀರೂರು–ಶಿವಮೊಗ್ಗ ರೈಲುಮಾರ್ಗ ಊರಿನ ಪಕ್ಕದಲ್ಲೇ ಹಾದುಹೋಗಿತ್ತು. ಇಲ್ಲದಿದ್ದ ವಸ್ತು ಒಂದೇ, ಕಲ್ಲಿದ್ದಲು.

ಕುಲುಮೆಯಲ್ಲಿ ಇಂಗಾಲಕ್ಕೆ ಎರಡು ಕೆಲಸ. ಉರಿದು ಶಾಖ ಕೊಡುವುದು ಒಂದು. ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡುಗಡೆ ಮಾಡುವ ಅಪಕರ್ಷಣ ಕ್ರಿಯೆ ಇನ್ನೊಂದು. ಇದಕ್ಕೆ ತಕ್ಕ ಕೋಕ್ ಕೊಡುವ ಕಲ್ಲಿದ್ದಲು ದೊರೆಯುತ್ತಿದ್ದುದು ಝರಿಯಾದಂಥ ಪೂರ್ವ ಭಾರತದ ಗಣಿಗಳಲ್ಲಿ. ಅಲ್ಲಿಯ ಮುಖ್ಯ ರೈಲುಮಾರ್ಗ ಬ್ರಾಡ್‌ಗೇಜ್, ಭದ್ರಾವತಿಯದು ಮೀಟರ್‌ಗೇಜ್. ಎಂದರೆ ದೂರದ ಪ್ರಯಾಣದ ಜೊತೆಗೆ ದಾರಿಯಲ್ಲಿ ಸರಕನ್ನೆಲ್ಲ ಒಂದು ಬಂಡಿಯಿಂದ ಇನ್ನೊಂದಕ್ಕೆ ತುಂಬುವ ಕೆಲಸವೂ ಬೀಳುತ್ತಿತ್ತು. ಆದ್ದರಿಂದ ಮಲೆನಾಡಿನ ಕಾಡನ್ನೇ ಇಂಧನದ ಗಣಿಯಾಗಿ ಬಳಸುವ ಯೋಜನೆ ರೂಪುಗೊಂಡಿತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವುದು, ಹೊರಬರುವ ಆವಿಯನ್ನು ತಣಿಸಿ ಮರದ ಮದ್ಯಸಾರ, ಸುಣ್ಣದ ಅಸಿಟೇಟ್ ಮತ್ತು ಟಾರನ್ನು ಪಡೆಯುವುದು, ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು ಈ ಯೋಜನೆಯ ತಿರುಳು. ಸಲಹೆಗಾರರಾಗಿ ಬಂದವರು ಅಮೆರಿಕದ ಸಿ.ಪಿ. ಪೆರಿನ್. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೂ ಇವರೇ ಸಲಹೆಗಾರರಾಗಿದ್ದರು. ದಿನಕ್ಕೆ 60 ಟನ್ ಬೀಡು ಕಬ್ಬಿಣ ಕೊಡಬಲ್ಲ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿಕೊಂಡಿತು.

ದಿನಕ್ಕೆ 240 ಟನ್ ಸೌದೆ

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ಇದ್ದಿಲಿನ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕು ಟನ್ ಸೌದೆ. ಹಾಗಾದರೆ 60 ಟನ್ ಕಬ್ಬಿಣಕ್ಕೆ ದಿನವೂ 240 ಟನ್ ಸೌದೆ ಬೇಕಾಗುತ್ತದೆ. ವರ್ಷಕ್ಕೆ ಇದು 87,600 ಟನ್. ಅದಿರಿನಲ್ಲಿ ಶೇಕಡ 60ರಷ್ಟು ಕಬ್ಬಿಣವಿದೆ ಎಂದುಕೊಂಡರೆ ದಿನಕ್ಕೆ 100 ಟನ್ ಅದಿರು ಬೇಕು. ಅಂದರೆ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿದ್ದ ಸರಕಿನಲ್ಲಿ ಅದಿರಿಗಿಂತ ಕಟ್ಟಿಗೆಯೇ ಹೆಚ್ಚು!

ಇದನ್ನು ಎತ್ತಿನ ಗಾಡಿಯಲ್ಲಿ ತರಬಹುದೇ? ಗಾಡಿಯೊಂದಕ್ಕೆ ಅರ್ಧ ಟನ್ ಹೇರಿದರೂ ದಿನಕ್ಕೆ 480 ಗಾಡಿಗಳು ಬೇಕು. ಕಾಡಿಗೆ ಹೋಗಿ ಬರಲು ಎರಡು ದಿನ ಹಿಡಿದರೆ ಈ ಸಂಖ್ಯೆ ದ್ವಿಗುಣವಾಗುತ್ತದೆ. ಹೀಗಾಗಿ ಕಾಡಿನೊಳಗೆ ಟ್ರಾಮ್ ಮಾರ್ಗಗಳನ್ನು ಹಾಕಬೇಕಾಯಿತು. ಕೆಮ್ಮಣ್ಣುಗುಂಡಿಯ ಎತ್ತರದಿಂದ ಅದಿರನ್ನು ಕೆಳಗಿಳಿಸಲು ರೋಪ್‌ವೇ ಕಟ್ಟಲಾಯಿತು. ಇಳಿಯುವ ಅದಿರಿನ ತೂಕವೇ ಖಾಲಿ ತೊಟ್ಟಿಗಳನ್ನು ಮೇಲಕ್ಕೆಳೆಯಲು ನೆರವಾಗುವುದು ಇಂಥ ವ್ಯವಸ್ಥೆಯ ಅನುಕೂಲ. ಸ್ಥಿತಿಜ ಶಕ್ತಿಯ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ.

ಇನ್ನು ಮಲೆನಾಡಿನ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡಿನ ದಾರಿಗಳು ಕೆಸರಾಗುತ್ತವೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋಗ್ರಾಂ ನೀರನ್ನು ಕೋಣೆಯ ಉಷ್ಣತೆಯಿಂದ ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಗಾಡಿಯಲ್ಲಿ ನೀರನ್ನು ಹೊತ್ತು ತಂದು, ಅದನ್ನು ಓಡಿಸಲು ಮತ್ತಷ್ಟು ಸೌದೆ ಸುಟ್ಟಂತಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲೇ ಕಡಿದು, ಒಣಗಿಸಿ, ಸಾಗಿಸಿ, ಪೇರಿಸಿಡಬೇಕು. ಮಳೆಯ 120 ದಿನ ಸಾಗಣೆ ಪೂರ್ತಿ ನಿಂತಿತು ಎಂದಾದರೆ 28,800 ಟನ್ ಸೌದೆ ದಾಸ್ತಾನಿರಬೇಕಾಗುತ್ತದೆ. ವಿದ್ಯುತ್ ಮಂಡಲದಲ್ಲಿ ಧಾರಕ ಮಾಡುವ ಕೆಲಸವನ್ನೇ ಇಲ್ಲಿ ದಾಸ್ತಾನು ಮಾಡುತ್ತದೆ. ಬರುವ ಪ್ರವಾಹ ಏರಿಳಿದರೂ ಹೋಗುವ ಪ್ರವಾಹ ಸಮನಾಗಿರುವಂತೆ ಅದು ನೋಡಿಕೊಳ್ಳುತ್ತದೆ. ಇದು ಅನಿವಾರ್ಯ, ಏಕೆಂದರೆ ಊದುಕುಲುಮೆಯನ್ನು ಮನೆಯ ಒಲೆಯಂತೆ ಬೇಕೆಂದಾಗ ಹಚ್ಚಿ, ಬೇಡವೆಂದಾಗ ಆರಿಸಲು ಬರುವುದಿಲ್ಲ. ಸಿದ್ಧತೆಯಿಲ್ಲದೆ ಆರಿದರೆ ಒಳಗಿನ ಕಬ್ಬಿಣವೂ ಕಿಟ್ಟವೂ ಗಟ್ಟಿಯಾಗಿ ಬಂಡೆಯಾಗುತ್ತವೆ.

ಕಸುಬು ಬಲ್ಲ ಕೈಗಳು

ಯಂತ್ರವನ್ನು ಹಡಗಿನಲ್ಲಿ ತರಿಸಬಹುದು. ಅದನ್ನು ನಡೆಸುವ ಕೈಗಳನ್ನು? ಅಂದಿನ ಮಲೆನಾಡು ಮಲೇರಿಯಾದ ಸೀಮೆ. ಕಾಡಿನ ಕೆಲಸಕ್ಕೆ ಹೊರಗಿನಿಂದ ಬರಲು ಜನ ಹೆದರುತ್ತಿದ್ದರು. ಆದರೂ ಬಂದವರು ಅನೇಕರು. ಇಂದಿಗೂ ಭದ್ರಾವತಿಯ ಬಡಾವಣೆಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಕೇಳಿಬರುವುದಕ್ಕೆ ಈ ವಲಸೆಯೂ ಕಾರಣ.

ಕುಲುಮೆಯ ಕೆಲಸದ ಕಷ್ಟವೇ ಬೇರೆ. ಕರಗಿದ ಲೋಹದ ಬಣ್ಣದಿಂದ ಅದರ ಉಷ್ಣತೆಯನ್ನೂ, ಹರಿದುಬರುವ ಕಿಟ್ಟದ ರೂಪದಿಂದ ಕುಲುಮೆಯ ಆರೋಗ್ಯವನ್ನೂ ಗುರುತಿಸಬೇಕು. ಎರಕದ ಮನೆಯಲ್ಲಿ ಅಚ್ಚು ಕಟ್ಟುವವನು ಮರಳನ್ನು ಮುಷ್ಟಿಯಲ್ಲಿ ಒತ್ತಿ ಮುರಿದು ನೋಡುತ್ತಾನೆ. ಬೆರಳಿನ ಗುರುತು ಮೂಡಬೇಕು, ಮುರಿದ ಅಂಚು ಚೂಪಾಗಿ ನಿಲ್ಲಬೇಕು, ಅಂಗೈಗೆ ತೇವ ಹತ್ತಬಾರದು. ನೀರು ಹೆಚ್ಚಾದರೆ ಏನಾಗುತ್ತದೆ? ಒಂದು ಗ್ರಾಂ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾದಾಗ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಆ ಆವಿ ಲೋಹದೊಳಗೆ ನುಗ್ಗಿ ಗುಳ್ಳೆಗಳಾಗುತ್ತವೆ, ಎರಕ ಕೆಡುತ್ತದೆ. ಪುಸ್ತಕದಲ್ಲಿ ಇದನ್ನು ಎರಡು ಸಾಲಿನಲ್ಲಿ ಹೇಳಬಹುದು. ಕೈಗೆ ಬರಲು ವರ್ಷಗಳು ಬೇಕು.

ಆರಂಭದ ವರ್ಷಗಳು ಕಷ್ಟದವು. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದಿತ್ತು, ಕಾರ್ಖಾನೆ ನಷ್ಟದಲ್ಲಿತ್ತು. 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು 1929ರವರೆಗೆ ಆ ಹೊಣೆ ಹೊತ್ತರು. ದುಬಾರಿ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಹಂತಹಂತವಾಗಿ ಇಲ್ಲಿಯವರನ್ನೇ ತರಬೇತಿ ಕೊಟ್ಟು ತಂದರು. ಬೀಡು ಕಬ್ಬಿಣವನ್ನು ಹಾಗೆಯೇ ಮಾರುವ ಬದಲು ನೀರಿನ ಕೊಳವೆಗಳನ್ನು ಎರಕ ಹೊಯ್ಯುವ ಘಟಕ ಬೆಳೆಯಿತು. 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟ್ ತಯಾರಿಕೆಯೂ ಸೇರಿಕೊಂಡವು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ವಿಶ್ವೇಶ್ವರಯ್ಯನವರು ತಮಗಾಗಿ ಪಡೆಯದೆ ಕಸುಬು ಕಲಿಸುವ ಶಾಲೆಗೆ ವಿನಿಯೋಗಿಸುವಂತೆ ಕೋರಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯ ಹಿನ್ನೆಲೆ ಇದು. ಕಬ್ಬಿಣದ ಕಾರ್ಖಾನೆ ನಡೆಸಿದ ಅನುಭವದಿಂದ ಒಂದು ಶಾಲೆ ಹುಟ್ಟಿತು ಎಂಬುದು ಗಮನಾರ್ಹ.

ಕೊರತೆಯ ಜಾಗ ಬದಲಾಯಿತು

ಕಾಡು ಅಕ್ಷಯಪಾತ್ರೆಯಲ್ಲ. ಹತ್ತಿರದ ಮರ ಮುಗಿದಂತೆ ಸಾಗಣೆಯ ದೂರ ಹೆಚ್ಚುತ್ತದೆ. ಪರಿಹಾರ ಬಂದದ್ದು ಜೋಗದಿಂದ. 1948ರಲ್ಲಿ ಅಲ್ಲಿ ಜಲವಿದ್ಯುತ್ ಉತ್ಪಾದನೆ ಶುರುವಾಯಿತು. 1950ರ ದಶಕದ ಆರಂಭದಲ್ಲಿ ಭದ್ರಾವತಿಗೆ ತಲಾ 100 ಟನ್ ಸಾಮರ್ಥ್ಯದ ಎರಡು ವಿದ್ಯುತ್ ಕುಲುಮೆಗಳು ಬಂದವು. ಇಂಗಾಲದ ಎರಡು ಕೆಲಸಗಳಲ್ಲಿ ಶಾಖ ಕೊಡುವ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು. ಅಪಕರ್ಷಣಕ್ಕೆ ಮಾತ್ರ ಇಂಗಾಲ ಬೇಕೇ ಬೇಕು. ಸಮೀಕರಣದ ಪ್ರಕಾರ 112 ಭಾಗ ಕಬ್ಬಿಣಕ್ಕೆ 36 ಭಾಗ ಇಂಗಾಲ, ಅಂದರೆ ಟನ್ನಿಗೆ ಸುಮಾರು 320 ಕಿಲೋಗ್ರಾಂ. ವ್ಯವಹಾರದಲ್ಲಿ ಸ್ವಲ್ಪ ಹೆಚ್ಚು ಬೇಕಾದರೂ ಹಿಂದಿನದಕ್ಕೆ ಹೋಲಿಸಿದರೆ ಉಳಿತಾಯ ದೊಡ್ಡದು.

ಆದರೆ ಇಂಥ ಕುಲುಮೆಗೆ ಟನ್ ಕಬ್ಬಿಣಕ್ಕೆ ಸುಮಾರು 2,500 ಯೂನಿಟ್ ವಿದ್ಯುತ್ ಬೇಕು. ಎರಡೂ ಕುಲುಮೆಗಳು ಪೂರ್ತಿ ನಡೆದರೆ ದಿನಕ್ಕೆ 5 ಲಕ್ಷ ಯೂನಿಟ್, ಅಂದರೆ ಎಡೆಬಿಡದೆ 21 ಮೆಗಾವಾಟ್. ಜೋಗದ ಆ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 120 ಮೆಗಾವಾಟ್. ಅದರ ಆರನೆಯ ಒಂದು ಭಾಗ ಇಲ್ಲಿಗೇ! ಮೊದಲು ಮಳೆ ಹೆಚ್ಚಾದರೆ ಸೌದೆಯ ಚಿಂತೆ ಇತ್ತು. ಈಗ ಮಳೆ ಕಡಿಮೆಯಾದರೆ ವಿದ್ಯುತ್ತಿನ ಚಿಂತೆ. ಕೊರತೆ ಮಾಯವಾಗಲಿಲ್ಲ, ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸರಿಯಿತು.

ಮುಂದೆ ಅದು ಅದಿರಿನ ಕೊಂಡಿಗೂ ಬಂತು. 1962ರಲ್ಲಿ ಸರ್ಕಾರಿ ಕಂಪನಿಯಾದ ಕಾರ್ಖಾನೆಗೆ 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರಿಡಲಾಯಿತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಪ್ರಾಧಿಕಾರದಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಗಣಿಯ ಅದಿರಿನ ಆಸರೆ ತಪ್ಪಿತು. ರೋಪ್‌ವೇ, ಟ್ರಾಮ್‌ಗಳ ಕಾಲ ಮುಗಿಯಿತು. 2016ರಲ್ಲಿ ಷೇರು ವಿಕ್ರಯಕ್ಕೆ ತಾತ್ವಿಕ ಒಪ್ಪಿಗೆ ದೊರೆಯಿತು. ಕೊಳ್ಳುವವರ ಆಸಕ್ತಿ ಸಾಲದೆ 2022ರಲ್ಲಿ ಆ ಪ್ರಕ್ರಿಯೆಯನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ, ಮೊದಲ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷವಾದಾಗ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಹೋರಾಟಕ್ಕಿಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಬೇರೆಡೆ ತಯಾರಾದ ಉಕ್ಕಿನ ಗಟ್ಟಿಗಳನ್ನು ತಂದು ಸರಳುಗಳಾಗಿ ಉರುಳಿಸುವ ಕೆಲಸ ಮತ್ತೆ ಆರಂಭವಾಯಿತು.

ಆಮ್ಲಜನಕವಿತ್ತು, ಟ್ಯಾಂಕರ್ ಇರಲಿಲ್ಲ

ಸಾಗಣೆಯ ಕೊಂಡಿ ಎಷ್ಟು ನಿರ್ಣಾಯಕ ಎಂಬುದು 2021ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಎಲ್ಲರಿಗೂ ಮನದಟ್ಟಾಯಿತು. ಕೋವಿಡ್ ರೋಗಿಗಳಿಗೆ ಆಮ್ಲಜನಕ ಬೇಕಾಗಿತ್ತು. ಅದನ್ನು ಭಾರಿ ಪ್ರಮಾಣದಲ್ಲಿ ತಯಾರಿಸುವವು ಉಕ್ಕಿನ ಕಾರ್ಖಾನೆಗಳು. ಭದ್ರಾವತಿಯ ಕಾರ್ಖಾನೆಯ ಆಮ್ಲಜನಕ ಘಟಕದಿಂದಲೂ ಆಗ ಆಸ್ಪತ್ರೆಗಳಿಗೆ ಸಿಲಿಂಡರ್‌ಗಳು ಹೋದವು. ದೇಶದಲ್ಲಿ ದೊಡ್ಡ ಘಟಕಗಳು ಹೆಚ್ಚಾಗಿದ್ದುದು ಪೂರ್ವದ ರಾಜ್ಯಗಳಲ್ಲಿ. ಬೇಡಿಕೆಯಾದರೋ ದೆಹಲಿ, ಮುಂಬಯಿ, ಬೆಂಗಳೂರುಗಳಲ್ಲಿ.

ದೊಡ್ಡ ಸಿಲಿಂಡರ್ ಒಂದರಲ್ಲಿ ಹಿಡಿಯುವುದು 7 ಘನಮೀಟರ್ ಅನಿಲ, ತೂಕದಲ್ಲಿ ಸುಮಾರು 9 ಕಿಲೋಗ್ರಾಂ. ಸಿಲಿಂಡರಿನ ತೂಕ ಅದರ ಐದಾರು ಪಟ್ಟು. ಲಾರಿ ಹೊರುವುದು ಬಹುಪಾಲು ಉಕ್ಕನ್ನೇ. ಮೈನಸ್ 183 ಡಿಗ್ರಿಗೆ ತಣಿಸಿ ದ್ರವವಾಗಿಸಿದರೆ 20 ಟನ್ನಿನ ಒಂದೇ ಟ್ಯಾಂಕರು ಸುಮಾರು 2,200 ಸಿಲಿಂಡರ್‌ಗಳ ಅನಿಲವನ್ನು ಒಯ್ಯುತ್ತದೆ. ಆದರೆ ಆ ಟ್ಯಾಂಕರ್ ಎರಡು ಗೋಡೆಗಳ ನಡುವೆ ನಿರ್ವಾತವಿರುವ ದೊಡ್ಡ ಥರ್ಮಾಸ್ ಫ್ಲಾಸ್ಕಿನಂಥದ್ದು, ಎಲ್ಲರ ಬಳಿ ಇರುವಂಥದ್ದಲ್ಲ. ಹೀಗಾಗಿ ವಾಯುಪಡೆಯ ವಿಮಾನಗಳು ಖಾಲಿ ಟ್ಯಾಂಕರುಗಳನ್ನು ಘಟಕಗಳಿಗೆ ಸಾಗಿಸಿದವು, ತುಂಬಿದವು ರೈಲಿನಲ್ಲಿ ಮತ್ತು ರಸ್ತೆಯಲ್ಲಿ ಬಂದವು. ಟ್ಯಾಂಕರ್ ಸಿಕ್ಕ ಮೇಲೂ ಅಪಾಯಕಾರಿ ಸರಕು ಸಾಗಿಸುವ ತರಬೇತಿ ಪಡೆದ ಚಾಲಕರನ್ನು ಹುಡುಕಬೇಕಾಯಿತು. ಮಿತಿಗೊಳಿಸಿದ್ದು ಅನಿಲ ಮಾತ್ರವಲ್ಲ, ಅದನ್ನು ತರುವ ಗಾಡಿ ಮತ್ತು ಮನುಷ್ಯ.

ಯಾವ ಕೊಂಡಿ ನಿಧಾನ?

ಈ ಚರಿತ್ರೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಸರಪಳಿಯ ಪ್ರತಿಯೊಂದು ಕೊಂಡಿಗೂ ಅದರದೇ ಕಾಲ ಸ್ಥಿರಾಂಕವಿದೆ. ದುಡ್ಡಿದ್ದರೆ ಲಾರಿಯನ್ನು ಕೆಲವು ವಾರಗಳಲ್ಲಿ ಕೊಳ್ಳಬಹುದು. ಚಾಲಕನನ್ನು ಕೊಳ್ಳಲಾಗದು. ಹಗುರ ವಾಹನದ ಪರವಾನಗಿ ಪಡೆದು ಒಂದು ವರ್ಷ ಕಳೆಯದೆ ಭಾರಿ ಸರಕು ವಾಹನದ ಕಲಿಕೆಗೆ ಕಾನೂನು ಅವಕಾಶ ಕೊಡುವುದಿಲ್ಲ. ಆಗುಂಬೆಯಂಥ ಘಾಟಿಯಲ್ಲಿ, ಮಳೆಯ ರಾತ್ರಿಯಲ್ಲಿ ಗಾಡಿ ಇಳಿಸುವ ಅನುಭವಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಐ.ಟಿ.ಐ.ಯ ಫಿಟ್ಟರ್ ತರಬೇತಿಗೇ ಎರಡು ವರ್ಷ, ಕೈ ಪಳಗಲು ಮತ್ತೆ ಕೆಲವು ವರ್ಷ. ಹೀಗೆ ಮಾನವ ಕೌಶಲದ ಕೊಂಡಿಯೇ ಬಹಳ ನಿಧಾನವಾದದ್ದು. ಸೌದೆಯನ್ನು ದಾಸ್ತಾನು ಮಾಡಿದಂತೆ ಅದನ್ನು ಪೇರಿಸಿಡಲೂ ಆಗದು. ಕೆಲಸವಿಲ್ಲದೆ ಕುಳಿತ ಕೈ ಕಸುಬನ್ನು ಮರೆಯುತ್ತದೆ, ಇಲ್ಲವೆ ಬೇರೆ ಊರಿಗೆ ಹೋಗುತ್ತದೆ.

ಕಾರ್ಖಾನೆಯೊಂದು ನಿಂತಾಗ ನಷ್ಟದ ಪಟ್ಟಿಯಲ್ಲಿ ಯಂತ್ರ, ಜಮೀನು, ಸಾಲ ಎಲ್ಲವೂ ಸೇರುತ್ತವೆ. ತಲೆಮಾರುಗಳಿಂದ ಕೂಡಿಬಂದ ಈ ಕೈಗಳ ತಿಳಿವಳಿಕೆಗೆ ಆ ಪಟ್ಟಿಯಲ್ಲಿ ಕಲಂ ಇರುವುದಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಇಂದಿಗೂ ಲೋಹ ಎರಕ ಹೊಯ್ಯಲಾಗುತ್ತಿದೆ. ಅಂಥ ಕಡೆ ಬೇಕಾಗುವುದು ಇದೇ ತಿಳಿವಳಿಕೆ.

ಅಧ್ಯಾಪಕರು ಇಲ್ಲಿ ಒಂದು ಕೆಲಸ ಮಾಡಬಹುದು. ಐ.ಟಿ.ಐ.ಗೆ ಅಥವಾ ಚಾಲನಾ ವೃತ್ತಿಗೆ ಹೋಗುವ ಹುಡುಗ ಹುಡುಗಿಯರನ್ನು ಓದು ಹತ್ತದವರು ಎಂದು ಬಗೆಯುವ ರೂಢಿ ನಮ್ಮ ಶಾಲೆಗಳಲ್ಲಿದೆ. ಮುಷ್ಟಿಯ ಮರಳಿನಲ್ಲಿ ತೇವದ ಅಳತೆ ಹಿಡಿಯುವವನು, ಲೋಹದ ಬಣ್ಣದಲ್ಲಿ ಉಷ್ಣತೆ ಓದುವವನು ಮಾಡುತ್ತಿರುವುದೂ ಭೌತವಿಜ್ಞಾನವೇ. ವಿದ್ಯಾರ್ಥಿಗಳನ್ನು ಹತ್ತಿರದ ಒಂದು ಎರಕದ ಮನೆಗೆ ಕರೆದುಕೊಂಡು ಹೋಗಿ ಆ ಪರೀಕ್ಷೆಯನ್ನು ಅವರ ಕೈಯಿಂದಲೇ ಮಾಡಿಸಿ. ಮೊದಲ ದಿನ ಯಾರ ಮರಳೂ ಸರಿಯಾಗಿ ಮುರಿಯುವುದಿಲ್ಲ. ಕಾಲ ಸ್ಥಿರಾಂಕ ಎಂದರೇನು ಎಂಬುದನ್ನು ಆ ಮೇಲೆ ವಿವರಿಸುವುದು ಸುಲಭ.